ಹೊಸಮನೆಯ ಪರಿವೀಕ್ಷಕರ ಆಯ್ಕೆ

ಕಟ್ಟಿ ಮುಗಿದ ಮನೆಯಲ್ಲಿ ವಾಸ ಆರಂಭವಾಗುವ ಮೊದಲು ಅದರ ಅಡಿಪಾಯ, ಗೋಡೆ, ಚಾವಣಿ, ವಿದ್ಯುತ್ ಮತ್ತು ನೀರಿನ ವ್ಯವಸ್ಥೆಗಳು ನಕ್ಷೆಗೂ ನಿಗದಿತ ಮಾನಕಗಳಿಗೂ ಅನುಗುಣವಾಗಿವೆಯೇ ಎಂದು ಪರೀಕ್ಷಿಸಿ ಲಿಖಿತ ವರದಿ ಕೊಡುವ ತಜ್ಞನನ್ನು ಗೃಹ ಪರಿವೀಕ್ಷಕನೆನ್ನುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ವೃತ್ತಿಗೆ ಪ್ರತ್ಯೇಕ ಪರವಾನಗಿ ಇದೆ. ಭಾರತದಲ್ಲಿ 1972ರ ಕಾಯ್ದೆಯಂತೆ ವಾಸ್ತುಶಿಲ್ಪಿಗಳಿಗೆ ನೋಂದಣಿ ಕಡ್ಡಾಯವಾಗಿದ್ದರೂ ಗೃಹ ಪರಿವೀಕ್ಷಕನೆಂಬ ಹೆಸರಿಗೆ ಅಂಥ ಕಟ್ಟುಪಾಡು ಇಲ್ಲದ ಕಾರಣ, ಅರ್ಹತೆಯನ್ನು ಅಳೆಯುವ ಹೊಣೆ ಮನೆಯ ಮಾಲೀಕನ ಮೇಲೆಯೇ ಬೀಳುತ್ತದೆ.

ಹಾವೇರಿ ಜಿಲ್ಲೆಯ ಹಿರೇಕೆರೂರಿನಂಥ ಊರುಗಳಲ್ಲಿ ಬಹುಪಾಲು ಮನೆಗಳನ್ನು ಬಿಲ್ಡರುಗಳು ಕಟ್ಟಿ ಮಾರುವುದಿಲ್ಲ. ಮಾಲೀಕನೇ ಸಿಮೆಂಟು, ಕಬ್ಬಿಣ, ಉಸುಕು ತಂದುಕೊಟ್ಟು ಗೌಂಡಿಗೆ ಕೆಲಸ ಒಪ್ಪಿಸುತ್ತಾನೆ, ಇಲ್ಲವೆ ಸಾಮಗ್ರಿಸಹಿತ ಗುತ್ತಿಗೆ ಕೊಡುತ್ತಾನೆ. ನಕ್ಷೆ ಬರೆದ ಎಂಜಿನಿಯರೇ ಉಸ್ತುವಾರಿಯನ್ನೂ ವಹಿಸಿಕೊಳ್ಳುವುದುಂಟು. ಅಂಥ ಎಂಜಿನಿಯರು ಎಷ್ಟೇ ಪ್ರಾಮಾಣಿಕನಾಗಿದ್ದರೂ ತನ್ನ ಕೆಲಸವನ್ನು ತಾನೇ ತೀರ್ಮಾನಿಸುವ ಸ್ಥಾನದಲ್ಲಿರಬಾರದು; ಪರಿವೀಕ್ಷಕನಿಗೆ ಗೌಂಡಿ, ಗುತ್ತಿಗೆದಾರ, ಸಾಮಗ್ರಿ ಅಂಗಡಿ ಈ ಯಾರೊಂದಿಗೂ ಹಣಕಾಸಿನ ಸಂಬಂಧ ಇಲ್ಲದಿರುವುದೇ ಮೊದಲ ಅರ್ಹತೆ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕ ಬಂದು ನೋಡಿ ಹೋದದ್ದನ್ನು ತಪಾಸಣೆಯೆಂದು ಭಾವಿಸುವುದೂ ಸರಿಯಲ್ಲ, ಏಕೆಂದರೆ ಅವನು ಅಂದಾಜಿಸುವುದು ಮನೆಯ ಬೆಲೆಯನ್ನೇ ಹೊರತು ಕಾಮಗಾರಿಯ ಗುಣಮಟ್ಟವನ್ನಲ್ಲ.

ಸಿವಿಲ್ ಎಂಜಿನಿಯರಿಂಗ್ ಪದವಿಯ ಜೊತೆಗೆ ಸ್ಥಳೀಯ ಮಣ್ಣಿನ ಅನುಭವವೂ ಬೇಕು. ಈ ಭಾಗದಲ್ಲಿ ಕೆಂಪು ಮಣ್ಣಿನೊಂದಿಗೆ ಎರೆ ಮಣ್ಣೂ ಇದ್ದು, ಎರೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಪಾಯದ ಒಂದು ಭಾಗ ಮೇಲೆದ್ದು ಇನ್ನೊಂದು ಕೆಳಗಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋದಂತೆ ಅಗಲವಾಗುವ ಬಿರುಕು ಇಂಥ ಚಲನೆಯ ಗುರುತಾಗಿರಬಹುದು. ಗಿಲಾವಿನ ಮೇಲಷ್ಟೇ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿ ಕುಗ್ಗಿದ್ದರ ಫಲ. ಅನುಮಾನವಿದ್ದಲ್ಲಿ ಬಲ್ಲವನು ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯನ್ನು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು, ಒಂದು ಮಳೆಗಾಲ ಕಳೆದ ಮೇಲೆ ಗಾಜು ಒಡೆದಿದೆಯೇ ಎಂದು ನೋಡುತ್ತಾನೆ. ಈ ಎರಡು ಬಿರುಕುಗಳ ವ್ಯತ್ಯಾಸವನ್ನು ವಿವರಿಸಲಾರದವನಿಗೆ ಕೆಲಸ ಒಪ್ಪಿಸುವುದು ಅಪಾಯಕರ.

ಕಾಂಕ್ರೀಟಿನ ಮೇಲ್ಮೈಯ ಗಡಸುತನ ಅಳೆಯುವ ರಿಬೌಂಡ್ ಹ್ಯಾಮರ್, ಒಳಗಿನ ಕಬ್ಬಿಣದ ಜಾಗವನ್ನೂ ಅದರ ಮೇಲಿನ ಹೊದಿಕೆಯ ದಪ್ಪವನ್ನೂ ತೋರಿಸುವ ಕವರ್ ಮೀಟರ್ ಇವು ನೆರವಾಗುತ್ತವೆಯಾದರೂ, ಗಿಲಾವಿನ ಹಿಂದೆ ಅಡಗಿದ್ದನ್ನೆಲ್ಲ ಇವು ಬಯಲು ಮಾಡಲಾರವು. ಐಎಸ್ 456:2000 ಮಾನಕವು ಬಲವರ್ಧಿತ ಕಾಂಕ್ರೀಟಿನ ಕ್ಯೂರಿಂಗ್ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನಡೆಯಬೇಕೆನ್ನುತ್ತದೆ; ಅದು ನಡೆಯಿತೋ ಇಲ್ಲವೋ ಎಂಬುದನ್ನು ಗೃಹಪ್ರವೇಶದ ಹೊತ್ತಿಗೆ ಕಣ್ಣಿನಿಂದ ಹೇಳುವುದು ಕಷ್ಟ. ಆದ್ದರಿಂದ ಪಾಯ ಮುಚ್ಚುವ ಮೊದಲು, ಸ್ಲ್ಯಾಬಿಗೆ ಕಾಂಕ್ರೀಟು ಹಾಕುವ ಮೊದಲು ಮತ್ತು ಗಿಲಾವಿಗೆ ಮೊದಲು ಬಂದು ನೋಡಲು ಒಪ್ಪುವವನೇ ಉತ್ತಮ ಆಯ್ಕೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಮೃತಪಟ್ಟ ದುರಂತವನ್ನು ಕಂಡ ಈ ಸೀಮೆಯಲ್ಲಿ ಹಂತಹಂತದ ತಪಾಸಣೆಯನ್ನು ಅನಗತ್ಯ ಖರ್ಚೆಂದು ತಳ್ಳಿಹಾಕುವಂತಿಲ್ಲ. ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷೆಗೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನನ್ನೇ ಬೇರೆಯಾಗಿ ಕರೆಸಬೇಕು.

2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೆಯ ಕಲಮು, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ತಿಳಿಸಿದ ರಚನಾತ್ಮಕ ದೋಷವನ್ನು ಪ್ರವರ್ತಕನು 30 ದಿನಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕೆನ್ನುತ್ತದೆ. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವನಿಗೆ ಈ ರಕ್ಷಣೆ ದೊರೆಯದಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮನೆ ನಿರ್ಮಾಣವನ್ನೂ ಸೇವೆಯೆಂದು ಪರಿಗಣಿಸುವುದರಿಂದ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಅಲ್ಲಿ ಪುರಾವೆಯಾಗಿ ನಿಲ್ಲುವಂತೆ ದೋಷದ ಸ್ಥಳ, ಅಳತೆ, ಛಾಯಾಚಿತ್ರ, ತಾರೀಖು ಮತ್ತು ಸಹಿಯುಳ್ಳ ವರದಿಯನ್ನು ಪರಿವೀಕ್ಷಕನು ಕೊಡುವನೇ ಎಂಬುದನ್ನು ಶುಲ್ಕ ಮಾತನಾಡುವಾಗಲೇ ಖಚಿತಪಡಿಸಿಕೊಂಡು, ಗುತ್ತಿಗೆಯ ಕೊನೆಯ ಕಂತು ಪಾವತಿಯಾಗುವ ಮೊದಲೇ ವರದಿ ಕೈಸೇರುವಂತೆ ನೋಡಿಕೊಳ್ಳಬೇಕಾಗುತ್ತದೆ.