ಆಯುಧವಿಲ್ಲದವರ ಪರವಾಗಿ ಒಂದು ಮಾತು

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂದು ಇನ್ನೊಂದು ಹೆಸರು. ಹೊನ್ನಾಳಿಯ ಹೆಸರಿನಲ್ಲಿ ಹೊನ್ನಿದೆ. ನ್ಯಾಮತಿಯ ಹೆಸರಿನ ಕೊನೆಗೆ ಮತಿಯಿದೆ. ಜಗಳೂರಿನ ಮೊದಲಲ್ಲಿಯೇ ಜಗಳವಿದೆ. ಇದು ಸ್ಥಳನಾಮಗಳ ವ್ಯುತ್ಪತ್ತಿಯೇನೂ ಅಲ್ಲ, ಬರಿಯ ವಿನೋದ. ಜಗಳೂರಿನ ಮಹನೀಯರು ಕೋಪಿಸಿಕೊಳ್ಳಬಾರದು. ಆದರೆ ನೆರೆಯ ಎರಡು ರಾಜ್ಯಗಳ ನಡುವೆ ನಡೆದ ಯಾವ ಸಂಧಿಯ ಕಥೆಯನ್ನು ತೆಗೆದುಕೊಂಡರೂ ಅದರಲ್ಲಿ ಈ ನಾಲ್ಕು ಸಂಗತಿಗಳನ್ನು ಕಾಣಬಹುದು: ಮೊದಲು ಜಗಳ, ನಡುವೆ ಹೊನ್ನು, ಅದೃಷ್ಟವಿದ್ದರೆ ಯಾರಲ್ಲಾದರೂ ಮತಿ, ಕಡೆಗೆ ಶಾಂತಿ.

ಅಂಥ ಒಂದು ಕಥೆ ನಮ್ಮ ತುಂಗಭದ್ರೆಗೆ ಸೇರಿದ್ದು. ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಹೊನ್ನಾಳಿಯ ಮುಂದೆ ಹರಿಯುವ ಈ ನದಿ, ಹರಿಹರದ ಬಳಿ ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರೆಯನ್ನು ಕೂಡಿಸಿಕೊಂಡು, ಹಂಪೆಯನ್ನು ದಾಟಿ ಮುಂದೆ ಸಾಗುತ್ತದೆ. ಅಲ್ಲಿ ಅದರ ಉತ್ತರಕ್ಕೆ ಕೃಷ್ಣೆಯವರೆಗೆ ಹಬ್ಬಿರುವ ನೆಲವೇ ರಾಯಚೂರು ಮುದಗಲ್ಲುಗಳ ಸೀಮೆ. ಹಿಂದಿನ ಕನ್ನಡಿಗರು ಇದನ್ನು ಎಡೆದೊರೆ ನಾಡೆಂದರು. ಪಾರಸಿ ಬಲ್ಲವರು ದೋಆಬ್ ಎಂದರು. ಎರಡು ಹೊಳೆಗಳ ನಡುವಣ ನೆಲ ಎಂಬುದೇ ಎರಡು ಹೆಸರುಗಳ ತಾತ್ಪರ್ಯ. ೧೩೩೬ರಲ್ಲಿ ವಿಜಯನಗರವೂ ೧೩೪೭ರಲ್ಲಿ ಬಹಮನಿ ರಾಜ್ಯವೂ ತಲೆಯೆತ್ತಿದುವು. ನಡುವಣ ನೆಲ ಇಬ್ಬರಿಗೂ ಬೇಕಾಯಿತು. ಮುಂದಿನ ಇನ್ನೂರು ವರ್ಷಗಳ ಗಡಿಯುದ್ಧಗಳಿಗೆ ಇದೇ ಮೂಲ.

ನಾನು ಹೇಳಹೊರಟಿರುವುದು ೧೩೬೬-೬೭ರ ಯುದ್ಧವನ್ನೂ ಅದರ ಕೊನೆಯಲ್ಲಿ ಆದ ಸಂಧಿಯನ್ನೂ. ಆಗ ವಿಜಯನಗರದಲ್ಲಿ ಬುಕ್ಕರಾಯನೂ ಕಲಬುರಗಿಯಲ್ಲಿ ಒಂದನೆಯ ಮಹಮ್ಮದ್ ಷಾನೂ ಆಳುತ್ತಿದ್ದರು. ಈ ಸಂಗತಿಯನ್ನು ವಿವರವಾಗಿ ಬರೆದಿಟ್ಟವನು ಫಿರಿಷ್ತ. ಅವನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಷಾಹನ ಆಶ್ರಯದಲ್ಲಿದ್ದ ಚರಿತ್ರಕಾರ. ಸಂಗತಿ ನಡೆದು ಇನ್ನೂರು ವರ್ಷಗಳಿಗೂ ಮೇಲಾದ ಬಳಿಕ ಬರೆದವನು. ಬುಕ್ಕರಾಯನ ಹೆಸರನ್ನೇ ಕಿಷನ್ ರಾಯ ಎಂದು ತಪ್ಪಾಗಿ ಕೊಟ್ಟಿದ್ದಾನೆ. ಸತ್ತವರನ್ನು ಲಕ್ಷಗಳಲ್ಲಿ ಎಣಿಸುತ್ತಾನೆ. ಆದ್ದರಿಂದ ಅವನ ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ. ಆದರೂ ತನ್ನ ಪಕ್ಷದ ಸುಲ್ತಾನನ ಕ್ರೌರ್ಯವನ್ನಾಗಲಿ, ಎದುರು ಪಕ್ಷದ ರಾಯಭಾರಿಗಳ ವಿವೇಕವನ್ನಾಗಲಿ ಅವನು ಮುಚ್ಚಿಡಲಿಲ್ಲ. ಆ ಕಾರಣಕ್ಕೆ ಅವನ ಮಾತಿಗೆ ಬೆಲೆಯುಂಟು.

ಜಗಳಕ್ಕೆ ನೆಲದ ಆಸೆ ಹಿಂದಿನಿಂದಲೂ ಇತ್ತು. ಕಿಡಿ ಬಿದ್ದದ್ದು ಮಾತ್ರ ಒಂದು ಸಂಗೀತ ಕಚೇರಿಯಲ್ಲಿ. ದೆಹಲಿಯಿಂದ ಬಂದ ಗಾಯಕರ ಹಾಡಿಗೆ ಮೆಚ್ಚಿದ ಸುಲ್ತಾನನು ಅವರಿಗೆ ಸಲ್ಲಬೇಕಾದ ಬಹುಮಾನವನ್ನು ವಿಜಯನಗರದ ಬೊಕ್ಕಸದಿಂದ ಪಡೆಯುವಂತೆ ಹುಂಡಿ ಬರೆಸಿದನಂತೆ. ಪಾನದ ಅಮಲಿನಲ್ಲಿ ಆಡಿದ ಮಾತೆಂದು ಮಂತ್ರಿ ಸುಮ್ಮನಿದ್ದನು. ಮರುದಿನ ಸುಲ್ತಾನನು ಹುಂಡಿ ಹೋಯಿತೇ ಎಂದು ಕೇಳಿ, ಕಳುಹಿಸಲೇಬೇಕೆಂದು ಹಟ ಹಿಡಿದನು. ಪರರಾಜ್ಯದ ಭಂಡಾರದ ಮೇಲೆ ಹುಂಡಿ ಬರೆಯುವುದೆಂದರೆ ಆ ರಾಜನನ್ನು ತನ್ನ ಸಾಮಂತನೆಂದು ಸಾರಿದಂತೆಯೇ ಸರಿ. ಬುಕ್ಕರಾಯನು ಹುಂಡಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರಲ್ಲಿ ಮೆರೆಸಿ ಹಿಂದಕ್ಕೆ ಅಟ್ಟಿದನು. ತುಂಗಭದ್ರೆಯನ್ನು ದಾಟಿ ಮುದಗಲ್ಲಿನ ಕೋಟೆಯನ್ನೂ ಹಿಡಿದನು.

ಮುದಗಲ್ಲಿನಲ್ಲಿ ನಡೆದುದು ಘೋರ. ಕೋಟೆಯೊಳಗಿದ್ದ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಕೊಂದರೆಂದೂ ಒಬ್ಬನೇ ಒಬ್ಬನು ತಪ್ಪಿಸಿಕೊಂಡು ಕಲಬುರಗಿಗೆ ಸುದ್ದಿ ತಂದನೆಂದೂ ಫಿರಿಷ್ತ ಬರೆಯುತ್ತಾನೆ. ಅಷ್ಟು ಜನರ ಸಾವನ್ನು ಕಂಡು ಬದುಕಿ ಬಂದವನ ಮುಖ ನೋಡಲಾರೆನೆಂದು ಸುಲ್ತಾನನು ಅವನನ್ನೂ ಕೊಲ್ಲಿಸಿದನು. ಒಂದು ಲಕ್ಷ ತಲೆಗಳು ಉರುಳುವವರೆಗೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಪ್ರತಿಜ್ಞೆ ಮಾಡಿ ಹೊರಟನು. ಕೃಷ್ಣೆಯನ್ನು ದಾಟಿದನು, ಮಳೆಗಾಲ ಕಳೆದ ಮೇಲೆ ತುಂಗಭದ್ರೆಯನ್ನೂ ದಾಟಿದನು. ಯುದ್ಧಗಳಾದುವು, ಬುಕ್ಕರಾಯನು ಹಿಮ್ಮೆಟ್ಟಿದನು. ಸೈನ್ಯ ಹೋದ ದಾರಿಯ ಹಳ್ಳಿಗಳಲ್ಲಿ ಸಿಕ್ಕಿದವರೆಲ್ಲ ಕತ್ತಿಗೆ ತುತ್ತಾದರು. ಹುಂಡಿಯ ಸಂಗತಿಯನ್ನಾಗಲಿ ಕತ್ತೆಯ ಮೆರವಣಿಗೆಯನ್ನಾಗಲಿ ಈ ಹಳ್ಳಿಗರು ಕೇಳಿಯೂ ಇದ್ದಿರಲಾರರು.

ಕಡೆಗೆ ಬುಕ್ಕರಾಯನ ಕಡೆಯವರೇ ಸಂಧಿಗೆ ಒತ್ತಾಯ ಮಾಡಿದರು. ರಾಯಭಾರಿಗಳು ಸುಲ್ತಾನನ ಪಾಳೆಯಕ್ಕೆ ಬಂದರು. ಸಂಧಿಗೆ ಸುಲ್ತಾನನು ಏನು ಕೇಳಿದನು ಬಲ್ಲಿರಾ? ಆ ಹಳೆಯ ಹುಂಡಿಯ ಹಣವನ್ನು. ಗಾಯಕರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ಸಾಕೆಂದನು. ರಾಯಭಾರಿಗಳು ಅಲ್ಲಿಯೇ ಹಣ ಸಲ್ಲಿಸಿದರು. ಸುಲ್ತಾನನಿಗೆ ತನ್ನ ಮಾತು ವ್ಯರ್ಥವಾಗಲಿಲ್ಲವೆಂಬ ತೃಪ್ತಿಯಾಯಿತು. ಮರ್ಯಾದೆಯಿಂದ ಹುಟ್ಟಿದ ಜಗಳ ಮರ್ಯಾದೆಯಲ್ಲಿಯೇ ಮುಗಿಯಿತು.

ಸಾಮಾನ್ಯ ರಾಯಭಾರಿಗಳಾಗಿದ್ದರೆ ಅಷ್ಟಕ್ಕೆ ಕೈಮುಗಿದು ಹೊರಡುತ್ತಿದ್ದರು. ಬಂದ ಕೆಲಸವಾಗಿತ್ತು, ಗೆದ್ದ ದೊರೆ ಸಂತೋಷವಾಗಿದ್ದನು, ಇನ್ನೊಂದು ಮಾತಾಡಿ ಅವನ ಮನಸ್ಸನ್ನು ಕೆಡಿಸುವುದು ಅಪಾಯದ ಕೆಲಸ. ಇವರು ಆ ಅಪಾಯಕ್ಕೆ ಸಿದ್ಧರಾದರು. ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸುವುದು ಯಾವ ಧರ್ಮಕ್ಕೂ ಒಪ್ಪದೆಂದೂ, ಅದರಲ್ಲಿಯೂ ಹೆಂಗಸರು ಮಕ್ಕಳನ್ನು ಕೊಲ್ಲುವುದು ಸಲ್ಲದೆಂದೂ, ರಾಯನು ತಪ್ಪಿದ್ದರೆ ಬಡಬಗ್ಗರು ಮಾಡಿದ್ದೇನೆಂದೂ ಕೇಳಿದರು. ದೈವಸಂಕಲ್ಪ ಹಾಗಿತ್ತು, ತಾನೇನು ಮಾಡಲಿ ಎಂಬ ಅರ್ಥದ ಉತ್ತರ ಸುಲ್ತಾನನಿಂದ ಬಂದಿತು. ರಾಯಭಾರಿಗಳು ಅಷ್ಟಕ್ಕೆ ಬಿಡಲಿಲ್ಲ. ಎರಡು ಮನೆತನಗಳೂ ಬಹುಕಾಲ ನೆರೆಹೊರೆಯಾಗಿ ಬಾಳಬೇಕಾಗಿವೆ. ಆದ್ದರಿಂದ ಇನ್ನು ಮುಂದೆ ಯುದ್ಧವೇ ಬಂದರೂ ಆಯುಧ ಹಿಡಿಯದವರನ್ನೂ ಸೆರೆ ಸಿಕ್ಕಿದವರನ್ನೂ ಕೊಲ್ಲಬಾರದೆಂದು ಒಪ್ಪಂದವಾಗಲಿ ಎಂದರು. ಈ ಮಾತು ಸುಲ್ತಾನನ ಮನಸ್ಸಿಗೆ ನಾಟಿತು. ಗೆದ್ದ ಮೇಲೆ ಯಾರನ್ನೂ ಕೊಲ್ಲುವುದಿಲ್ಲವೆಂದು ಪ್ರಮಾಣ ಮಾಡಿ, ತನ್ನ ನಂತರ ಬರುವವರೂ ಇದಕ್ಕೆ ಬದ್ಧರೆಂದು ಹೇಳಿದನು. ಅಂದಿನಿಂದ ಸೆರೆಯಾಳುಗಳನ್ನು ಉಳಿಸುವುದು ದಕ್ಷಿಣದಲ್ಲಿ ರೂಢಿಯಾಯಿತೆಂದು ಫಿರಿಷ್ತನ ಹೇಳಿಕೆ.

ಈ ರಾಯಭಾರಿಗಳ ವಾದದ ಜಾಣತನವನ್ನು ಗಮನಿಸಿರಿ. ಇನ್ನು ಯುದ್ಧವೇ ಬೇಡವೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಇಬ್ಬರೂ ದೊರೆಗಳು ಒಪ್ಪಿ, ಮರುವರ್ಷವೇ ಮರೆಯುತ್ತಿದ್ದರು. ಯುದ್ಧ ಮತ್ತೆ ಬಂದೇ ಬರುವುದೆಂದು ಬಲ್ಲವರಾಗಿ, ಬಂದಾಗ ಯಾರನ್ನು ಮುಟ್ಟಬಾರದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡರು. ನೆರೆಮನೆಯನ್ನು ಎತ್ತಿ ದೂರ ಇಡಲಾಗದು ಎಂಬ ಸಂಸಾರಿಯ ವಿವೇಕ ಅದು.

ಯುದ್ಧಗಳು ಹಾಗೆಯೇ ಬಂದುವು. ಸುಮಾರು ೧೪೦೭ರಲ್ಲಿ ಒಂದನೆಯ ದೇವರಾಯನು ಫಿರೋಜ್ ಷಾನೊಡನೆ ಸಂಧಿ ಮಾಡಿಕೊಂಡು ಮಗಳನ್ನೇ ಕೊಟ್ಟನೆಂದೂ ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟನೆಂದೂ ಅದೇ ಚರಿತ್ರಕಾರನು ಹೇಳುತ್ತಾನೆ. ಮದುವೆಯ ವೈಭವಕ್ಕೆ ಕೊರತೆಯಿರಲಿಲ್ಲ. ಆದರೆ ಅಳಿಯನನ್ನು ಬೀಳ್ಕೊಡುವಾಗ ಮಾವನು ಪಾಳೆಯದವರೆಗೂ ಬರದೆ ಅರ್ಧ ದಾರಿಯಲ್ಲಿ ಹಿಂದಿರುಗಿದನಂತೆ. ಫಿರೋಜನು ಅದನ್ನು ಮನಸ್ಸಿನಲ್ಲಿಟ್ಟುಕೊಂಡನು. ಬೀಗತನ ಹಗೆಯನ್ನು ತಡೆಯಲಿಲ್ಲ. ಮುಂದೆ ಪಾನಗಲ್ಲಿನ ಯುದ್ಧದಲ್ಲಿ ಅದೇ ಫಿರೋಜನು ಸೋತು ಹಿಂದಿರುಗಬೇಕಾಯಿತು. ೧೫೨೦ರಲ್ಲಿ ರಾಯಚೂರನ್ನು ಗೆದ್ದ ಕೃಷ್ಣದೇವರಾಯನು ಊರವರಿಗೆ ಅಭಯ ಕೊಟ್ಟನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಆದರೆ ಬಿಜಾಪುರದ ರಾಯಭಾರಿ ಸಂಧಿಗೆ ಬಂದಾಗ, ಆದಿಲಷಾಹನು ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂಬ ಷರತ್ತನ್ನು ಹಾಕಿದವನೂ ಅದೇ ರಾಯನು. ಸಂಧಿ ಮುರಿದುಬಿತ್ತು. ಊರವರನ್ನು ಕಾಯಬಲ್ಲ ಔದಾರ್ಯವೂ ಎದುರಾಳಿಯನ್ನು ಬಾಗಿಸುವ ಹಟವೂ ಒಬ್ಬನಲ್ಲಿಯೇ ಇರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ೧೩೬೭ರ ಮಾತು ಉಳಿಯಿತೇ? ಉಳಿಯಿತೆಂದು ಹೇಳಿ ನಿಮ್ಮನ್ನು ಸಂತೋಷಪಡಿಸುವುದು ಸುಲಭ, ಸತ್ಯ ಹಾಗಿಲ್ಲ. ಫಿರೋಜನ ತಮ್ಮ ಅಹಮದ್ ಷಾ ಸುಮಾರು ೧೪೨೩ರಲ್ಲಿ ವಿಜಯನಗರದ ಸೀಮೆಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನು. ಇಪ್ಪತ್ತು ಸಾವಿರ ಹೆಣಗಳು ಬಿದ್ದಾಗಲೆಲ್ಲ ಮೂರು ದಿನ ನಿಂತು ಉತ್ಸವ ಮಾಡಿದನಂತೆ. ಆದರೆ ಇದನ್ನು ಬರೆಯುವಾಗ ಫಿರಿಷ್ತನು ಒಂದು ಮಾತನ್ನು ಸೇರಿಸುತ್ತಾನೆ: ಇದು ಮಹಮ್ಮದ್ ಷಾ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದಕ್ಕೆ ವಿರುದ್ಧವಾದುದು. ಮುದಗಲ್ಲಿನ ಕೊಲೆಯನ್ನು ಅಳೆಯಲು ೧೩೬೬ರಲ್ಲಿ ಯಾವ ಕೋಲೂ ಇರಲಿಲ್ಲ. ಅದಕ್ಕೆ ಸೇಡೇ ಉತ್ತರವಾಯಿತು. ಅಹಮದ್ ಷಾನ ಕೊಲೆಗೆ ಹಾಗಲ್ಲ. ಅವನ ವಂಶದ ಹಿರಿಯನೇ ಆಡಿದ ಮಾತು ಅವನಿಗೆ ಎದುರುಸಾಕ್ಷಿಯಾಗಿ ನಿಂತಿತು. ಸುಲ್ತಾನರನ್ನು ಹೊಗಳಬೇಕಾದ ಚರಿತ್ರಕಾರನೂ ಅದನ್ನು ಅಪರಾಧವೆಂದೇ ಬರೆಯಬೇಕಾಯಿತು.

ಗಡಿಯ ಗೆರೆ ಎಷ್ಟು ಚಂಚಲವೆಂಬುದಕ್ಕೆ ದೂರದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಬಾಬಾಬುಡನ್ನರು ಕಾಫಿಯ ಬೀಜವನ್ನು ತಂದರೆಂದು ನಮ್ಮಲ್ಲಿ ಪ್ರತೀತಿಯಿರುವ ಯೆಮನ್ ನಾಡಿಗೂ ನೆರೆಯ ಸೌದಿ ಅರೇಬಿಯಕ್ಕೂ ೧೯೩೪ರಲ್ಲಿ ಗಡಿಯುದ್ಧವಾಯಿತು. ಬೇರೆ ಅರಬ್ ದೇಶಗಳ ಹಿರಿಯರು ಮಧ್ಯಸ್ಥಿಕೆಗೆ ಹೊರಟರು. ಅದೇ ವರ್ಷದ ಮೇ ತಿಂಗಳಲ್ಲಿ ತಾಯಿಫಿನಲ್ಲಿ ಸಂಧಿಯಾಯಿತು. ದೊರೆ ಇಬ್ನ್ ಸೌದನು ತಾನು ಗೆದ್ದಿದ್ದ ಹುದೈದಾ ಬಂದರನ್ನು ಇಮಾಮ್ ಯಹ್ಯಾನಿಗೆ ಬಿಟ್ಟುಕೊಟ್ಟನು. ಸಂಧಿಯ ಅವಧಿ ಇಪ್ಪತ್ತು ಚಾಂದ್ರಮಾನ ವರ್ಷಗಳು. ಗಡಿಯ ಪ್ರಶ್ನೆ ಮಾತ್ರ ಪೂರ್ತಿಯಾಗಿ ಇತ್ಯರ್ಥವಾದುದು ೨೦೦೦ದ ಜಿದ್ದಾ ಒಪ್ಪಂದದಲ್ಲಿ, ಅರುವತ್ತಾರು ವರ್ಷಗಳ ಮೇಲೆ! ಗೆರೆಯನ್ನು ಎಳೆಯಲು ಅಷ್ಟು ಕಾಲ ಹಿಡಿಯಿತು. ಅಷ್ಟರಲ್ಲಿ ಸಂಧಿ ಮಾಡಿಕೊಂಡ ಇಬ್ಬರೂ ತೀರಿಹೋಗಿದ್ದರು.

ಯುದ್ಧದಲ್ಲಿ ಆಯುಧ ಹಿಡಿಯದ ನಾಗರಿಕರ ರಕ್ಷಣೆಗೆಂದೇ ಪ್ರತ್ಯೇಕವಾದ ಜಿನೀವಾ ಒಪ್ಪಂದ ಆದುದು ೧೯೪೯ರಲ್ಲಿ. ಎಡೆದೊರೆಯ ಯುದ್ಧದಿಂದ ಲೆಕ್ಕ ಹಾಕಿದರೆ ಸುಮಾರು ೫೮೦ ವರ್ಷಗಳ ಬಳಿಕ. ಅದನ್ನೂ ಮುರಿದವರಿದ್ದಾರೆ, ಮುರಿಯುವವರಿದ್ದಾರೆ. ರಾತ್ರಿ ಬಾನುಲಿಯ ವಾರ್ತೆಯಲ್ಲಿ ಎಲ್ಲಿಯೋ ಒಂದು ಊರಿನ ಮೇಲೆ ಬಾಂಬು ಬಿದ್ದು ಮಕ್ಕಳು ಸತ್ತರೆಂದು ಕೇಳಿದಾಗ ನಾವು ಊಟದ ತಟ್ಟೆಯ ಮುಂದೆ ಒಂದು ಕ್ಷಣ ಕೈ ತಡೆಯುತ್ತೇವೆ. ಇದು ಯುದ್ಧದಲ್ಲಿ ಆಗುವುದೇ ಎಂದು ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಇದು ಆಗಬಾರದಿತ್ತು ಎನ್ನುತ್ತೇವೆ.

ಬುಕ್ಕರಾಯನ ರಾಯಭಾರಿಗಳ ಹೆಸರನ್ನು ಫಿರಿಷ್ತ ಬರೆದಿಲ್ಲ. ಹಣ ಸಲ್ಲಿಸಿ ಕೆಲಸ ಮುಗಿದ ಮೇಲೆಯೂ, ಗೆದ್ದ ದೊರೆಯ ಎದುರಿನಲ್ಲಿ, ಅವರು ಎದ್ದುಹೋಗದೆ ಇನ್ನೊಂದು ಮಾತಿಗೆ ನಿಂತರು. ಹೊನ್ನಾಳಿಯ ಸೇತುವೆಯ ಮೇಲೆ ಹೋಗುವಾಗ ಒಮ್ಮೆ ನೀರಿನ ಕಡೆಗೆ ನೋಡಿ ಅವರನ್ನು ನೆನೆಯಿರಿ.