ಹಿರೇನಲ್ಲೂರಿನ ಕೆಳಗೆ ನಲವತ್ತು ಕಿಲೋಮೀಟರ್

ನಮ್ಮ ಹಿರೇನಲ್ಲೂರು ಕಡೆ ಬೋರ್ ಸಾವಿರ ಅಡಿಗೆ ಇಳೀತು ಅಂದ್ರೆ ರೈತರ ಎದೆ ಝಲ್ ಅನ್ನುತ್ತೆ. ರಷ್ಯಾದ ಕೋಲಾದಲ್ಲಿ ವಿಜ್ಞಾನಿಗಳು ಕೊರೆದ ರಂಧ್ರವೂ 12 ಕಿ.ಮೀ. ದಾಟಿ ನಿಂತುಹೋಯ್ತು. ಹಾಗಿದ್ರೆ ನಮ್ಮ ನೆಲದ ಚಿಪ್ಪು 40 ಕಿ.ಮೀ. ಆಸುಪಾಸು ದಪ್ಪ ಅಂತ ಹೇಗೆ ಗೊತ್ತಾಯ್ತು?

1972ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಸೋವಿಯತ್ ತಜ್ಞರ ಸಹಕಾರದಲ್ಲಿ, ಆಂಧ್ರದ ಕಾವಲಿಯಿಂದ ನಮ್ಮ ಉಡುಪಿವರೆಗೆ ಸರ್ವೆ ಶುರುಮಾಡಿತು. ಸುಮಾರು 600 ಕಿ.ಮೀ. ದೇಶದಲ್ಲಿ ಇಂಥದ್ದು ಅದೇ ಮೊದಲು. ನಕ್ಷೆಯಲ್ಲಿ ಆ ಎರಡೂರಿಗೆ ಸ್ಕೇಲ್ ಇಟ್ಟು ಗೆರೆ ಎಳೀರಿ, ಅಜ್ಜಂಪುರದ ಹತ್ತಿರವೇ ಹಾದುಹೋಗುತ್ತೆ.

ಕೆಲಸ ಇಷ್ಟು: ಒಂದು ಕಡೆ ನೆಲದೊಳಗೆ ಮದ್ದು ಸಿಡಿಸೋದು, ದೂರದಲ್ಲಿ ಸಾಲಾಗಿ ಇಟ್ಟ ಉಪಕರಣಗಳಿಗೆ ಕಂಪನ ಎಷ್ಟು ಸೆಕೆಂಡಿಗೆ ತಲುಪಿತು ಅಂತ ಬರೆದುಕೊಳ್ಳೋದು. ಚಿಪ್ಪಿನಲ್ಲಿ ಕಂಪನದ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಅದರ ಕೆಳಗೆ 8. ಹಳ್ಳಿ ರಸ್ತೆ ಬಿಟ್ಟು ಬಿ.ಎಚ್. ರೋಡ್ ಹತ್ತಿದ ಬಸ್ಸು ಸುತ್ತಿಕೊಂಡರೂ ಮೊದಲು ಊರು ಸೇರುತ್ತಲ್ಲ, ಹಾಗೆ ಇನ್ನೂರು ಕಿ.ಮೀ. ಆಚೆ ಆಳಕ್ಕೆ ಇಳಿದು ಬಂದ ಕಂಪನವೇ ಮೊದಲು ಮುಟ್ಟುತ್ತೆ. 1979ರಲ್ಲಿ ಕೆ.ಎಲ್. ಕೈಲಾ ಮತ್ತು ಸಂಗಡಿಗರು ಈ ಲೆಕ್ಕ ಪ್ರಕಟಿಸಿದರು: ಚಿಪ್ಪಿನ ದಪ್ಪ 34ರಿಂದ 41 ಕಿ.ಮೀ.

ಆಮೇಲೆ ಬಂತು ಕಂಪ್ಯೂಟರ್ ರೇ ಟ್ರೇಸಿಂಗ್. ಮೊದಲು ಒಂದು ಊಹೆ: ಇಷ್ಟು ಪದರ, ಇಷ್ಟಿಷ್ಟು ವೇಗ. ಅದರೊಳಗೆ ಕಂಪ್ಯೂಟರ್ ಕಿರಣಗಳನ್ನು ಹರಿಸುತ್ತೆ. ಪದರ ಬದಲಾದ ಕಡೆ, ನೀರಿಗಿಳಿದ ಬೆಳಕಿನ ಹಾಗೇ, ಕಿರಣ ಬಾಗುತ್ತೆ. ಲೆಕ್ಕದ ಸಮಯಕ್ಕೂ ಅಳೆದ ಸಮಯಕ್ಕೂ ತಾಳೆಯಾಗದಿದ್ರೆ ಊಹೆ ತಿದ್ದಿ ಮತ್ತೆ ಮೊದಲಿಂದ. 1992ರಲ್ಲಿ ಜೆಲ್ಟ್ ಮತ್ತು ಸ್ಮಿತ್ ಆ ತಿದ್ದುವ ಕೆಲಸವನ್ನೂ ಕಂಪ್ಯೂಟರಿಗೇ ಒಪ್ಪಿಸುವ ವಿಧಾನ ಕೊಟ್ಟರು.

ನಾನು ಓದಿದ್ದು ಬಿ.ಕಾಂ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ಒಂದು ತಪ್ಪು ಇನ್ನೊಂದನ್ನು ಮುಚ್ಚಿರಬಹುದು. ಇಲ್ಲೂ ಅಷ್ಟೇ. ಪದರದ ದಪ್ಪ ಸ್ವಲ್ಪ ಹೆಚ್ಚಿಸಿ, ವೇಗವನ್ನೂ ಹೆಚ್ಚಿಸಿದರೆ ಅದೇ ಸಮಯ ಬರಬಹುದು. ಅದಕ್ಕೇ ಬೇರೆ ಬೇರೆ ದೂರದ, ಎರಡೂ ದಿಕ್ಕಿನ ದಾಖಲೆ ಬೇಕು.

ಇದು ಬರೀ ಪಂಡಿತರ ಚರ್ಚೆ ಅಲ್ಲ. ಭೂಕಂಪದ ಕೇಂದ್ರ ಹುಡುಕೋದೂ ಇಂಥ ಮಾದರಿಯಿಂದಲೇ; ವೇಗ ತಪ್ಪಿದರೆ ಜಾಗವೂ ತಪ್ಪುತ್ತೆ. ನಮ್ಮದು ಗಟ್ಟಿ ಬಂಡೆ, ಇಲ್ಲಿ ಏನೂ ಆಗಲ್ಲ ಅನ್ನೋ ಮಾತನ್ನು ಈ ಯಾವ ಲೆಕ್ಕವೂ ಹೇಳಿಲ್ಲ. ಹಾಗೇ ನಂಬಿದ್ದ ದಖ್ಖನ್ ನೆಲದಲ್ಲೇ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಲಾತೂರಿನ ಕಿಲ್ಲಾರಿ ಕುಸಿದು ಬಿತ್ತು.