ಹಬ್ಬದ ಪತ್ರದ ಮೇಲೊಂದು ದಾನದ ಚೀಟಿ

ಹಬ್ಬದ ದಿನಗಳಲ್ಲಿ ಮನುಷ್ಯನ ಕೈ ಸಹಜವಾಗಿಯೇ ಸಡಿಲವಾಗುತ್ತದೆ. ಆ ಔದಾರ್ಯವು ಹಬ್ಬದೊಡನೆಯೇ ಮುಗಿದುಹೋಗದೆ ವರ್ಷವಿಡೀ ಫಲ ಕೊಡಬೇಕಾದರೆ ಅದಕ್ಕೊಂದು ವ್ಯವಸ್ಥೆ ಬೇಕು. ಅಂತಹ ವ್ಯವಸ್ಥೆಯೊಂದನ್ನು ರೂಪಿಸಿದವನು ಅರಸನಲ್ಲ, ಧನಿಕನಲ್ಲ; ಡೆನ್ಮಾರ್ಕ್ ದೇಶದ ಅಂಚೆ ನೌಕರ ಐನಾರ್ ಹೋಲ್‌ಬೋಲ್.

1903ರ ಕ್ರಿಸ್‌ಮಸ್ ಸಮಯದಲ್ಲಿ ಶುಭಾಶಯ ಪತ್ರಗಳ ರಾಶಿಯ ನಡುವೆ ದುಡಿಯುತ್ತಿದ್ದ ಆತನಿಗೆ ಒಂದು ವಿಚಾರ ಹೊಳೆಯಿತು. ಪ್ರತಿ ಪತ್ರದ ಮೇಲೂ ಅಂಚೆಚೀಟಿಯ ಜೊತೆಗೆ ಅಲಂಕಾರದ ಇನ್ನೊಂದು ಚೀಟಿಯನ್ನು ಜನರು ಕೊಂಡು ಅಂಟಿಸಿದರೆ, ಆ ಹಣದಿಂದ ಕ್ಷಯಪೀಡಿತ ಮಕ್ಕಳಿಗೆ ನೆರವಾಗಬಹುದಲ್ಲವೆ? ಕ್ಷಯಕ್ಕೆ ಆಗ ತಕ್ಕ ಔಷಧಿಯಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆ. ಬಡವರ ಮಕ್ಕಳಿಗೆ ಅವೇ ದುರ್ಲಭವಾಗಿದ್ದವು.

ದೊರೆ 9ನೆಯ ಕ್ರಿಶ್ಚಿಯನ್ ಈ ಯೋಜನೆಗೆ ಸಮ್ಮತಿಸಿದನು. 1898ರಲ್ಲಿ ನಿಧನಳಾಗಿದ್ದ ರಾಣಿ ಲೂಯಿಸ್‌ಳ ಚಿತ್ರವುಳ್ಳ ಮೊದಲ ಚೀಟಿ 1904ರಲ್ಲಿ ಹೊರಬಂದಿತು. ಬೆಲೆ ಎರಡು ಓರೆ. ನೂರು ಓರೆಗೆ ಒಂದು ಕ್ರೋನ್. ಆ ಒಂದೇ ಹಬ್ಬದಲ್ಲಿ 40 ಲಕ್ಷಕ್ಕೂ ಹೆಚ್ಚು ಚೀಟಿಗಳು ಮಾರಾಟವಾದವು. ಅಂದರೆ ಬಿಡಿಕಾಸುಗಳೇ ಸೇರಿ 80,000 ಕ್ರೋನ್ ದಾಟಿದವು. ಹೀಗೆ ವರ್ಷ ವರ್ಷವೂ ಕೂಡಿದ ನಿಧಿಯಿಂದ ಕೋಲ್ಡಿಂಗ್ ಪಟ್ಟಣದ ಬಳಿ ಮಕ್ಕಳಿಗಾಗಿ ಆರೋಗ್ಯಧಾಮವು ನಿರ್ಮಾಣವಾಗಿ 1911ರಲ್ಲಿ ತೆರೆಯಿತು.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಈ ಯೋಜನೆಯ ಜಾಣ್ಮೆ ಸ್ಪಷ್ಟವಾಗುತ್ತದೆ. ಈ ಚೀಟಿ ಅಂಚೆಯ ಶುಲ್ಕವಲ್ಲ. ಆದ್ದರಿಂದ ಇಲಾಖೆಯ ವರಮಾನಕ್ಕೆ ಕೊರತೆಯಾಗಲಿಲ್ಲ. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಮಾರಾಟಕ್ಕೆ ಹೊಸ ಅಂಗಡಿ ಬೇಕಿಲ್ಲ. ಅಂಚೆ ಕಚೇರಿಯೇ ಸಾಕು. ಚೀಟಿ ಹೊತ್ತ ಪತ್ರವೇ ಮನೆಮನೆಗೂ ಪ್ರಚಾರವನ್ನು ಒಯ್ಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಚೀಟಿಯ ಮೇಲೆ ದಾನಿಯ ಹೆಸರಿರಲಿಲ್ಲ. ಸಿರಿವಂತನ ಚೀಟಿಗೂ ಕೂಲಿಯವನ ಚೀಟಿಗೂ ಭೇದವೇ ಇರಲಿಲ್ಲ.

ಈ ಪದ್ಧತಿ ಬೇಗನೆ ಬೇರೆ ದೇಶಗಳಿಗೂ ಹಬ್ಬಿತು. 1907ರಲ್ಲಿ ಅಮೆರಿಕದ ಎಮಿಲಿ ಬಿಸೆಲ್ ಎಂಬಾಕೆ ಚಿಕ್ಕದೊಂದು ಆರೋಗ್ಯಧಾಮವನ್ನು ಉಳಿಸಲು 300 ಡಾಲರ್ ಅಪೇಕ್ಷಿಸಿ ಸೀಲುಗಳನ್ನು ಮಾರಿದಾಗ, ಅದರ ಹತ್ತು ಪಟ್ಟು ಹಣ ಕೂಡಿತು. ನಮ್ಮ ದೇಶದಲ್ಲಿಯೂ ಭಾರತೀಯ ಕ್ಷಯರೋಗ ಸಂಘವು ಟಿ.ಬಿ. ಸೀಲುಗಳನ್ನು ಹೊರಡಿಸಿತು.

ಔಷಧಿಗಳು ಬಂದು ಕ್ಷಯವು ಹಿಂದೆ ಸರಿದ ಮೇಲೆ ಡೆನ್ಮಾರ್ಕಿನವರು ನಿಧಿಯನ್ನು ಸುಮ್ಮನೆ ಬೆಳೆಯಗೊಡಲಿಲ್ಲ, ಮುಚ್ಚಲೂ ಇಲ್ಲ. ಸ್ಥೂಲಕಾಯ, ಒಂಟಿತನ, ಸಹಪಾಠಿಗಳ ಕಿರುಕುಳಗಳಿಂದ ನೊಂದ ಮಕ್ಕಳನ್ನು ಕೆಲಕಾಲ ಇರಿಸಿಕೊಂಡು ಸಲಹುವ ಮನೆಗಳಿಗೆ ಇಂದು ಅದು ವಿನಿಯೋಗವಾಗುತ್ತಿದೆ. ಆದರೆ ಚೀಟಿಗೆ ಆಧಾರವಾಗಿದ್ದ ಪತ್ರವೇ ಈಗ ವಿರಳವಾಗಿದೆ. 2025ರ ಡಿಸೆಂಬರಿನಲ್ಲಿ ಅಲ್ಲಿನ ಅಂಚೆ ಸಂಸ್ಥೆಯು ಪತ್ರ ವಿತರಣೆಯನ್ನೇ ನಿಲ್ಲಿಸಿತು.

ಸಾಧನ ಬದಲಾಗಬಹುದು, ತತ್ತ್ವ ಬದಲಾಗಬೇಕಾಗಿಲ್ಲ. ಎಲ್ಲರ ಕೈಗೆಟುಕುವ ಮೊತ್ತ, ಸ್ಪಷ್ಟವಾದ ಉದ್ದೇಶ, ಹೆಸರನ್ನು ಬಯಸದ ದಾನ, ಕಾಲಕ್ಕೆ ತಕ್ಕ ವಿನಿಯೋಗ: ನಿಧಿಗಳನ್ನು ನಿರ್ವಹಿಸುವ ಧರ್ಮದರ್ಶಿಗಳು ತಮ್ಮ ಲೆಕ್ಕದ ಪುಸ್ತಕವನ್ನು ತೆರೆದಾಗಲೆಲ್ಲ ಈ ನಾಲ್ಕನ್ನೂ ಪರಿಶೀಲಿಸಿಕೊಳ್ಳುವುದು ಒಳಿತು.